ಗಂಡ ಬಚ್ಚಿಟ್ಟ ಪಾಸ್‌ಪೋರ್ಟು, ಹೆಂಡ್ತಿ ಹಾಕಿದ ಅರ್ಜಿ: ಅಮೆರಿಕದ ಒಂದು ವಾವಾ ಕೇಸು

ಅಮೆರಿಕದಲ್ಲಿ ಕನ್ನಡದವ್ರಿಗೆ ದಾಖಲೆ ಅನುವಾದ ಮಾಡ್ಕೊಡೋ ಕೆಲ್ಸ ಬಿಡುವಿದ್ದಾಗ ಮಾಡ್ತೀನಿ, ದುಡ್ಡಿಗಲ್ಲ, ಹೆಣ್ಮಕ್ಕಳಿಗೆ ಸಹಾಯ ಮಾಡೋ ಒಂದು ಸಂಸ್ಥೆ ಮೂಲಕ. ಹಂಗೆ ಕೈಗೆ ಬಂದ ಒಂದು ಕೇಸಿನ ಕಥೆ ಇದು (ವಾವಾ ಅಂದ್ರೆ ಹಿಂಸೆ ಕೊಡೋ ಗಂಡನ ಸಹಿ ಇಲ್ದೆ ಹೆಂಡ್ತಿ ತಾನೇ ಅರ್ಜಿ ಹಾಕೋಕೆ ಬಿಡೋ ಅಮೆರಿಕದ ಕಾನೂನು, ವಿವರ ಮುಂದೆ ಬರುತ್ತೆ). ಆಕೆ ಒಪ್ಪಿಗೆ ತಗೊಂಡೇ ಬರೀತಿದೀನಿ, ಹೆಸ್ರು ಊರು ರಾಜ್ಯ ಕಾಲೇಜು ಅಂತ ಗುರುತು ಸಿಗೋ ಅಂಥದ್ದನ್ನೆಲ್ಲ ತೆಗ್ದು ಹಾಕಿದೀನಿ, ಕೆಲವು ವಿವರ ಬೇಕಂತಲೇ ಬದಲಾಯಿಸಿದೀನಿ. ಕಾನೂನಿನ ಭಾಗ ಮಾತ್ರ ಇದ್ದದ್ದು ಇದ್ದಂಗೇ ಇದೆ.

ಹುಡುಗಿ ಕರ್ನಾಟಕದವ್ಳು, ಇಂಜಿನಿಯರಿಂಗ್ ಮುಗಿಸಿ ಎಂಎಸ್ ಮಾಡೋಕೆ ಎಫ್-1 ವೀಸಾದಲ್ಲಿ ಬಂದಿದ್ಳು. ಮೊದಲ್ನೇ ವರ್ಷ ಮುಗಿಯೋಷ್ಟರಲ್ಲಿ ಮನೆಯವ್ರು ಒಂದು ಸಂಬಂಧ ನೋಡಿದ್ರು, ಹುಡುಗ ಇಲ್ಲೇ ಬೆಳೆದವ್ನು, ಅಮೆರಿಕನ್ ಸಿಟಿಜನ್, ಒಳ್ಳೇ ಕೆಲ್ಸ, ಜಾತಕ ಕೂಡಿ ಬಂತು. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಇಲ್ಲಿನ ದೇವಸ್ಥಾನದಲ್ಲೇ ಧಾರೆ ಎರೆದು ಕೊಟ್ಟು ಹೋದ್ರು, ಲಗ್ನಪತ್ರಿಕೆ ಮಾತ್ರ ಊರಲ್ಲೇ ಪ್ರಿಂಟ್ ಮಾಡ್ಸಿದ್ರು (ಈ ಲಗ್ನಪತ್ರಿಕೆ ಮುಂದೆ ಕೆಲ್ಸಕ್ಕೆ ಬರುತ್ತೆ, ನೆನಪಿಟ್ಕೊಳಿ). ಮದುವೆ ಆದ್ಮೇಲೆ ಗಂಡ ಹೇಳಿದ್ದು, ಇನ್ಯಾಕೆ ಫೀಸ್ ಕಟ್ಕೊಂಡು ಓದ್ತೀಯ, ಹೇಗಿದ್ರೂ ನಾನು ಸಿಟಿಜನ್, ಗ್ರೀನ್ ಕಾರ್ಡಿಗೆ ಹಾಕ್ತೀನಿ, ಬಂದ್ಮೇಲೆ ಆರಾಮಾಗಿ ಓದ್ಕೋ. ಇವ್ಳು ಕಾಲೇಜ್ ಬಿಟ್ಳು. ಕಾಲೇಜ್ ಬಿಟ್ಟ ಕೂಡ್ಲೇ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ರೆಕಾರ್ಡ್ ಟರ್ಮಿನೇಟ್ ಆಗುತ್ತೆ, ಅಂದ್ರೆ ವಿದ್ಯಾರ್ಥಿಯಾಗಿ ಇಲ್ಲಿರೋಕೆ ಇದ್ದ ಕಾನೂನಿನ ಸ್ಟೇಟಸ್ ಹೋಯ್ತು. ಗ್ರೀನ್ ಕಾರ್ಡ್ ಬರೋದೇ ಇದ್ಯಲ್ಲ ಅನ್ನೋ ನಂಬಿಕೆ ಮೇಲೆ ಅದ್ಯಾವ್ದೂ ಅವತ್ತು ದೊಡ್ಡದು ಅನ್ನಿಸ್ಲಿಲ್ಲ.

ಆಮೇಲಿಂದು ಕೇಳಿದವ್ರಿಗೆ ಗೊತ್ತಿರೋ ಕಥೆನೇ. ಪಾಸ್‌ಪೋರ್ಟ್ ಅವನ ಹತ್ರ, ಬೀರುವಿನ ಕೀ ಅವನ ಹತ್ರ. ಬ್ಯಾಂಕ್ ಅಕೌಂಟಲ್ಲಿ ಇವಳ ಹೆಸರಿಲ್ಲ, ಕೆಲ್ಸ ಮಾಡೋ ಪರ್ಮಿಟ್ ಇಲ್ಲ, ಸೋಶಿಯಲ್ ಸೆಕ್ಯುರಿಟಿ ನಂಬರೂ ಇಲ್ಲ. ಫೋನ್ ದಿನಾ ಚೆಕ್ ಆಗುತ್ತೆ, ಅಮ್ಮನ ಜೊತೆ ಮಾತಾಡೋದು ಸ್ಪೀಕರ್ ಹಾಕಿಯೇ. ಜಗಳ ಆದಾಗೆಲ್ಲ ಒಂದೇ ಮಾತು, ಫೈಲ್ ಮಾಡಿರೋದನ್ನ ಕ್ಯಾನ್ಸಲ್ ಮಾಡಿಸ್ತೀನಿ, ಒಂದು ಫೋನ್ ಮಾಡಿದ್ರೆ ಐಸ್‌ನವ್ರು (ಇಮಿಗ್ರೇಷನ್ ಪೊಲೀಸ್ರು) ಬಂದು ಎತ್ಕೊಂಡು ಹೋಗ್ತಾರೆ, ಹತ್ತು ವರ್ಷ ಬ್ಯಾನ್ ಆಗ್ತೀಯ, ನಿಮ್ಮಪ್ಪನ ಮರ್ಯಾದೆ ಏನಾಗುತ್ತೆ ನೋಡು. ಹೆದರುವವರ ಮೇಲೆ ಕಪ್ಪೆ ಎಸೆದಂಗೆ ದಿನಾ ಇದೇ ಆಟ.

ಲೈಬ್ರರಿ ಕಂಪ್ಯೂಟರ್‌ನಿಂದ ಆಕೆ ಸಂಸ್ಥೆಗೆ ಮೊದಲ ಮೇಲ್ ಕಳಿಸಿದಾಗ ಕೇಳಿದ್ದು ಗ್ರೀನ್ ಕಾರ್ಡ್ ಬಗ್ಗೆ ಅಲ್ಲ, ಈ ಮೇಲ್ ಗೌರ್ಮೆಂಟಿಗೆ ಕಾಣುತ್ತಾ ಅಂತ.

ಧೈರ್ಯ ತಗೋ ಅಂದವ್ರು

ಅದಕ್ಕಿಂತ ಮುಂಚೆ ಆಕೆ ಒಂದಿಬ್ರ ಹತ್ರ ಬಾಯಿ ಬಿಟ್ಟಿದ್ಳು. ಒಬ್ಬ ಗೆಳತಿ ಧೈರ್ಯ ತಗೋ ಕಣೇ ಏನೂ ಆಗಲ್ಲ ಅಂದ್ಳು, ಇನ್ನೊಬ್ಬ ಹಿರಿಯರು ಸ್ವಲ್ಪ ಹೊಂದ್ಕೊಂಡು ಹೋಗಮ್ಮ, ಕಾರ್ಡ್ ಬರೋ ತನಕ ಸುಮ್ನಿರು ಅಂದ್ರು. ಎರಡೂ ಉಪಯೋಗಕ್ಕೆ ಬರ್ಲಿಲ್ಲ, ಬರೋದೂ ಇಲ್ಲ ಅಂತ ನನ್ನ ಅಭಿಪ್ರಾಯ. ಏನೂ ಆಗಲ್ಲ ಅನ್ನೋದು ಸುಳ್ಳು, ಯಾಕಂದ್ರೆ ಸ್ಟೇಟಸ್ ಇಲ್ದೆ ಇರೋವ್ರಿಗೆ ಅಪಾಯ ನಿಜವಾಗ್ಲೂ ಇದೆ, ಭಯ ಪಡೋವ್ರಿಗೆ ಅದು ಗೊತ್ತು, ಹಂಗಾಗಿ ಸುಳ್ಳು ಸಮಾಧಾನ ಹೇಳಿದವ್ರ ಮೇಲೇ ನಂಬಿಕೆ ಹೋಗುತ್ತೆ. ಕಾರ್ಡ್ ಬರೋ ತನಕ ಸುಮ್ನಿರು ಅನ್ನೋದು ಇನ್ನೂ ಕೆಟ್ಟ ಸಲಹೆ, ಬರೋ ಕಾರ್ಡೇ ಇರ್ಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು.

ಮೂರನೇ ಒಬ್ರು ಸಿಕ್ಕಿದ್ರು, ಎಲ್ಲದಕ್ಕಿಂತ ಡೇಂಜರ್. ತಾನು ಇಮಿಗ್ರೇಷನ್ ಕನ್ಸಲ್ಟೆಂಟ್ ಅಂತ ಹೇಳ್ಕೊಳೋ ಮನುಷ್ಯ, ವಕೀಲ ಅಲ್ಲ, ಕ್ಯಾಶ್ ಕೊಡಿ ಅಸೈಲಂ (ಆಶ್ರಯ ಕೇಳೋ ಅರ್ಜಿ) ಹಾಕ್ತೀನಿ, ಊರಲ್ಲಿ ಜೀವಕ್ಕೆ ಅಪಾಯ ಇದೆ ಅಂತ ಕಥೆ ನಾನೇ ಬರೀತೀನಿ, ಬೇಗ ವರ್ಕ್ ಪರ್ಮಿಟ್ ಬರುತ್ತೆ ಅಂದಿದ್ದ. ಬೇಕಂತಲೇ ಸುಳ್ಳು ಹೇಳಿ ಅಸೈಲಂ ಹಾಕಿ ಅದು ಫ್ರಿವಲಸ್, ಅಂದ್ರೆ ಬರೀ ಕಟ್ಟುಕಥೆ, ಅಂತ ತೀರ್ಮಾನ ಆದ್ರೆ ಮುಂದೆ ಯಾವ ಇಮಿಗ್ರೇಷನ್ ಬೆನಿಫಿಟ್ಟೂ ಸಿಗದ ಹಂಗೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತೆ, ಜೊತೆಗೆ ಅಸೈಲಂಗೆ ದೇಶಕ್ಕೆ ಬಂದ ಒಂದು ವರ್ಷದೊಳಗೆ ಹಾಕ್ಬೇಕು ಅನ್ನೋ ನಿಯಮ ಬೇರೆ ಇದೆ. ಇವಳ ಹತ್ರ ಕ್ಯಾಶ್ ಇರ್ಲಿಲ್ಲ, ಅದೇ ಉಳಿಸ್ತು. ಅಮೆರಿಕದಲ್ಲಿ ಇಮಿಗ್ರೇಷನ್ ಸಲಹೆ ಕೊಡೋ ಅಧಿಕಾರ ಇರೋದು ಲೈಸೆನ್ಸ್ ಇರೋ ವಕೀಲರಿಗೆ, ಇಲ್ಲಾ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟಿರೋ ಸಂಸ್ಥೆಗಳ ಅಕ್ರೆಡಿಟೆಡ್ ಪ್ರತಿನಿಧಿಗಳಿಗೆ. ವಕೀಲರ ಲೈಸೆನ್ಸನ್ನ ಆಯಾ ರಾಜ್ಯದ ಬಾರ್ (ವಕೀಲರ ಮಂಡಳಿ) ವೆಬ್‌ಸೈಟಲ್ಲೇ ನೋಡ್ಬಹುದು, ದುಡ್ಡು ಖರ್ಚಿಲ್ಲ.

ಸಂಸ್ಥೆ ಮೂಲಕ ಸಿಕ್ಕ ವಕೀಲೆ ಮಾಡಿದ್ದೇ ಬೇರೆ. ಮೊದಲ ಭೇಟಿಯಲ್ಲಿ ಅರ್ಜಿ ವಿಷಯನೇ ಎತ್ಲಿಲ್ಲ, ನೀನು ಇಲ್ಲಿ ಹೇಳಿದ್ದು ನನ್ನ ದಾಟಿ ಹೋಗಲ್ಲ, ಅದು ಕಾನೂನು ಅಂತ ಮೊದ್ಲು ಹೇಳಿ, ಆಮೇಲೆ ಏನೇನು ಆಗ್ಬಹುದು ಅಂತ ಭಯ ಇದ್ಯೋ ಒಂದೊಂದೇ ಹೇಳು ಅಂದ್ರು. ನಾನು ಮಧ್ಯ ಕೂತು ಕನ್ನಡದಿಂದ ಇಂಗ್ಲಿಷಿಗೆ ಹೇಳ್ತಿದ್ದೆ (ಆಕೆಗೆ ಇಂಗ್ಲಿಷ್ ಚೆನ್ನಾಗೇ ಬರುತ್ತೆ, ಆದ್ರೆ ಅಳು ಬಂದಾಗ ಇಂಗ್ಲಿಷ್ ಬರಲ್ಲ). ವಕೀಲೆ ಒಂದೊಂದು ಭಯಕ್ಕೂ ಒಂದು ಸಾಲು ಬರ್ಕೊಂಡು ಪಕ್ಕದಲ್ಲಿ ಇದು ಕಾನೂನು ಪುಸ್ತಕದಲ್ಲಿ ಉತ್ತರ ಇರೋದು, ಇದು ಸರ್ಕಾರದ ಫೈಲಲ್ಲಿ ಉತ್ತರ ಇರೋದು, ಇದು ನಿಜವಾದ ರಿಸ್ಕು ಅಂತ ಗುರುತು ಹಾಕ್ತಾ ಹೋದ್ರು. ಇಡೀ ಕೇಸಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಆ ಪಟ್ಟಿನೇ.

ಕ್ಯಾನ್ಸಲ್ ಮಾಡೋಕೆ ಅಲ್ಲೇನಿತ್ತು

ಗಂಡ ಫೈಲ್ ಕ್ಯಾನ್ಸಲ್ ಮಾಡಿಸ್ತಾನೆ ಅನ್ನೋದು ಪಟ್ಟಿಯಲ್ಲಿ ಮೊದಲ್ನೇದು. ಹೆಂಡ್ತಿಗೋಸ್ಕರ ಸಿಟಿಜನ್ ಹಾಕೋ ಅರ್ಜಿ ಐ-130, ಅದನ್ನ ಹಾಕಿದವ್ನು ವಾಪಸ್ ತಗೊಳ್ಳೋಕೂ ಆಗುತ್ತೆ, ಅಷ್ಟರ ಮಟ್ಟಿಗೆ ಅವನ ಮಾತು ನಿಜ. ಆದ್ರೆ ಅವ್ನು ಹಾಕಿದ್ನಾ ಅನ್ನೋದನ್ನ ಯಾರೂ ಕೇಳಿರ್ಲಿಲ್ಲ. ರಶೀದಿ ತೋರ್ಸು ಅಂದಾಗಲೆಲ್ಲ ಲಾಯರ್ ಹತ್ರ ಇದೆ ಅಂತಿದ್ದ. ಅಮೆರಿಕದಲ್ಲಿ ಎಫ್‌ಒಐಎ ಅಂತ ನಮ್ಮ ಆರ್‌ಟಿಐ ಥರದ ಕಾನೂನಿದೆ, ತನ್ನ ಬಗ್ಗೆ ಇಮಿಗ್ರೇಷನ್ ಇಲಾಖೆಯಲ್ಲಿ ಏನು ಫೈಲಿದೆ ಅಂತ ಯಾರು ಬೇಕಾದ್ರೂ ಕೇಳ್ಬಹುದು, ಸ್ಟೇಟಸ್ ಇಲ್ದೆ ಇರೋವ್ರೂ ಕೇಳ್ಬಹುದು. ವಕೀಲೆ ತಮ್ಮ ಆಫೀಸ್ ಅಡ್ರೆಸ್ ಕೊಟ್ಟು ಕೇಳಿದ್ರು. ಬಂದ ಉತ್ತರದಲ್ಲಿ ಐ-130 ಅನ್ನೋದೇ ಇರ್ಲಿಲ್ಲ.

ಆಕೆ ಅವತ್ತು ನಕ್ಕಿದ್ದು ನೋಡಿ ನಂಗೆ ಸ್ವಲ್ಪ ಗಾಬರಿನೇ ಆಯ್ತು, ಅಷ್ಟು ನಕ್ಕಳು. ಇಲ್ಲದ ಫೈಲ್ ಕ್ಯಾನ್ಸಲ್ ಆಗುತ್ತೆ ಅಂತ ವರ್ಷಗಟ್ಲೆ ಬಾಯಿ ಮುಚ್ಕೊಂಡಿದ್ಳು.

ಹತ್ತು ವರ್ಷ ಬ್ಯಾನ್ ವಿಷಯನೂ ಹಂಗೇ ಅರ್ಧ ಸತ್ಯ. ಕಾನೂನಲ್ಲಿ 180 ದಿನಕ್ಕಿಂತ ಜಾಸ್ತಿ ಅಕ್ರಮ ವಾಸ ಮಾಡಿ ದೇಶ ಬಿಟ್ರೆ 3 ವರ್ಷ, ಒಂದು ವರ್ಷ ಅಥವಾ ಜಾಸ್ತಿ ಆಗಿದ್ರೆ 10 ವರ್ಷ ವಾಪಸ್ ಬರೋಕಾಗಲ್ಲ ಅಂತ ಇದೆ, 1996ರ ಕಾನೂನು ಅದು. ಆದ್ರೆ ಎಫ್-1ನಲ್ಲಿ ಬಂದವ್ರ ಐ-94ನಲ್ಲಿ (ದೇಶದೊಳಗೆ ಬಂದಿದ್ದರ ದಾಖಲೆ) ಎಲ್ಲಿ ತನಕ ಇರ್ಬಹುದು ಅನ್ನೋ ತಾರೀಖಿನ ಜಾಗದಲ್ಲಿ ಡಿ/ಎಸ್ ಅಂತ ಇರುತ್ತೆ, ಡ್ಯುರೇಷನ್ ಆಫ್ ಸ್ಟೇಟಸ್, ಅಂದ್ರೆ ಸ್ಟೇಟಸ್ ಇರೋ ತನಕ. ಹಂಗೆ ಒಳಗೆ ಬಂದವ್ರಿಗೆ ಕಾಲೇಜ್ ಬಿಟ್ಟ ಮಾತ್ರಕ್ಕೆ ಆ ದಿನಗಳ ಲೆಕ್ಕ ಶುರು ಆಗಲ್ಲ, ಇಲಾಖೆಯಾಗ್ಲಿ ಇಮಿಗ್ರೇಷನ್ ಜಡ್ಜ್ ಆಗ್ಲಿ ಅಧಿಕೃತವಾಗಿ ಹೇಳಿದ ಮೇಲೆ ಶುರು ಆಗೋದು. ಸ್ಟೇಟಸ್ ಇಲ್ಲ ಅನ್ನೋದೂ ಗಡೀಪಾರಿನ ಪ್ರಕ್ರಿಯೆ ಶುರು ಮಾಡ್ಬಹುದು ಅನ್ನೋದೂ ನಿಜನೇ, ಅದನ್ನ ವಕೀಲೆ ಮುಚ್ಚಿಡ್ಲಿಲ್ಲ. ಆದ್ರೂ ಗಂಡ ಹೇಳ್ತಿದ್ದ ಬ್ಯಾನು ಇವಳ ಐ-94ಗೆ ಅಂಟ್ಕೊಂಡಿರ್ಲಿಲ್ಲ. ಆ ಐ-94 ಹೆಂಗೆ ಸಿಕ್ತು ಅಂದ್ರೆ, ಪಾಸ್‌ಪೋರ್ಟ್ ಗಂಡನ ಬೀರುವಲ್ಲಿದ್ರೂ ವೀಸಾ ಬಂದಾಗ ಪಾಸ್‌ಪೋರ್ಟಿನ ಮೊದಲ ಪುಟ, ವೀಸಾ, ಕಾಲೇಜ್ ಕೊಟ್ಟ ಐ-20 ಪತ್ರ ಎಲ್ಲಾ ಫೋಟೋ ತೆಗ್ದು ಅಪ್ಪಂಗೆ ವಾಟ್ಸಾಪ್ ಮಾಡಿದ್ಳು, ಅಪ್ಪ ಏನನ್ನೂ ಡಿಲೀಟ್ ಮಾಡೋ ಜಾತಿ ಅಲ್ಲ. ಪಾಸ್‌ಪೋರ್ಟ್ ನಂಬರ್ ಸಿಕ್ಕಿದ್ಮೇಲೆ ಕಸ್ಟಮ್ಸ್ ಅಂಡ್ ಬಾರ್ಡರ್ ಪ್ರೊಟೆಕ್ಷನ್ ವೆಬ್‌ಸೈಟಿಂದ ಐ-94 ಇಳಿಸ್ಕೊಂಡಿದ್ದು ಐದು ನಿಮಿಷದ ಕೆಲ್ಸ.

ಗಂಡನ ಸಹಿ ಬೇಡದ ಅರ್ಜಿ

ಇಲ್ಲಿ ಕಾನೂನು ಸ್ವಲ್ಪ ಹೇಳ್ಬೇಕು. 1994ರಲ್ಲಿ ಅಮೆರಿಕನ್ ಕಾಂಗ್ರೆಸ್ ವಯಲೆನ್ಸ್ ಅಗೇನ್ಸ್ಟ್ ವಿಮೆನ್ ಆಕ್ಟ್ ಅಂತ ಮಾಡ್ತು, ಎಲ್ಲರೂ ವಾವಾ ಅಂತಾರೆ. ಅದ್ರ ಪ್ರಕಾರ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರೋ ಗಂಡನಿಂದ ಹಿಂಸೆ ಅನುಭವಿಸಿದ ಹೆಂಡ್ತಿ ಗಂಡನಿಗೆ ಗೊತ್ತಾಗದ ಹಂಗೆ, ಅವನ ಸಹಿ ಇಲ್ದೆ, ತಾನೇ ಸ್ವತಃ ಐ-360 ಅರ್ಜಿ ಹಾಕ್ಬಹುದು. ಹೆಸರಲ್ಲಿ ವಿಮೆನ್ ಅಂತಿದ್ರೂ ಗಂಡಸರೂ ಹಾಕ್ಬಹುದು. ವಾವಾದಲ್ಲಿ ಐ-360ಗೆ ಫೀಸಿಲ್ಲ. ತೋರಿಸ್ಬೇಕಾಗಿರೋದು ಏನಂದ್ರೆ ಮದುವೆ ನಿಜವಾದ ಮದುವೆ, ಇಬ್ರೂ ಒಟ್ಟಿಗೆ ಇದ್ರು, ಹೊಡೆತ ಅಥವಾ ತೀವ್ರ ಕ್ರೌರ್ಯ ಇತ್ತು, ಅರ್ಜಿದಾರರ ನಡತೆ ಒಳ್ಳೇದು, ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವ್ನು. ಡಿವೋರ್ಸ್ ಆಗಿದ್ರೂ ಅದು ಹಿಂಸೆಗೆ ಸಂಬಂಧಪಟ್ಟಿದ್ರೆ ಆದ ಎರಡು ವರ್ಷದೊಳಗೆ ಹಾಕ್ಬಹುದು. ಆದ್ರೆ ಅರ್ಜಿ ಮಂಜೂರಾಗೋ ಮುಂಚೆ ಬೇರೆ ಮದುವೆ ಆದ್ರೆ ಹೋಯ್ತು. ಈ ಎರಡು ವರ್ಷದ ಗಡುವು ಗೊತ್ತಿಲ್ದೆ ಕೇಸ್ ಕಳ್ಕೊಳ್ಳೋರು ಇದಾರೆ, ಗಂಡನ ಕಡೆಯವ್ರು ಬೇಗಬೇಗ ಡಿವೋರ್ಸ್ ಮುಗಿಸಿ ಸುಮ್ನೆ ಕೂರೋದೂ ಉಂಟು.

ಇವಳ ಗಂಡ ಸಿಟಿಜನ್ ಆಗಿದ್ರಿಂದ ಐ-360 ಜೊತೆಗೇ ಗ್ರೀನ್ ಕಾರ್ಡ್ ಅರ್ಜಿ ಐ-485 ಮತ್ತೆ ವರ್ಕ್ ಪರ್ಮಿಟ್ ಅರ್ಜಿ ಐ-765 ಎಲ್ಲಾ ಒಟ್ಟಿಗೆ ಹಾಕೋಕೆ ಆಯ್ತು.

ಅವ್ನಿಗೆ ಗೊತ್ತಾಗಲ್ವಾ ಅಕ್ಕ? ಇದನ್ನ ಆಕೆ ಎಷ್ಟು ಸಲ ಕೇಳಿದ್ಳೋ. ಇದಕ್ಕೆ ಉತ್ತರ ಕಾನೂನಲ್ಲೇ ಇದೆ, ಯುಎಸ್ ಕೋಡ್ 8ನೇ ಟೈಟಲ್ಲು, ಸೆಕ್ಷನ್ 1367, ಇದೂ 1996ರದ್ದು. ವಾವಾ ಅರ್ಜಿ ಇದೆ ಅನ್ನೋದನ್ನೇ ಇಲಾಖೆಯವ್ರು ಹೊರಗೆ ಹೇಳಂಗಿಲ್ಲ, ಗಂಡ ಫೋನ್ ಮಾಡಿ ಕೇಳಿದ್ರೂ ಹೇಳಂಗಿಲ್ಲ. ಬರೀ ಹಿಂಸೆ ಕೊಟ್ಟವ್ನು ಕೊಟ್ಟ ಮಾಹಿತಿ ಮೇಲೆ ಆಕೆ ವಿರುದ್ಧ ತೀರ್ಮಾನ ತಗೊಳಂಗೂ ಇಲ್ಲ. ಬೇಕಂತಲೇ ಮುರಿದ ನೌಕರನಿಗೆ ಪ್ರತಿ ಸಲಕ್ಕೂ 5,000 ಡಾಲರ್ ತನಕ ದಂಡ. ಅರ್ಜಿಯಲ್ಲೇ ಸುರಕ್ಷಿತ ವಿಳಾಸ ಅಂತ ಜಾಗ ಇದೆ, ಅಲ್ಲಿ ವಕೀಲರ ಅಡ್ರೆಸ್ ಹಾಕಿದ್ರು, ಹಂಗಾಗಿ ಮನೆಗೆ ಒಂದು ಕಾಗದನೂ ಬರ್ಲಿಲ್ಲ.

ಆಗ ನಾನೇ ವಕೀಲೆನ ಕೇಳಿದ್ದೆ, ಇದೆಲ್ಲ ಪೇಪರ್ ಮೇಲೆ ಸರಿ, ಈಗಿನ ಕಾಲದಲ್ಲಿ ನಡೆಯುತ್ತಾ ಅಂತ. ಅವ್ರು ಹೇಳಿದ್ದು ನಂಗೆ ಸರಿ ಅನ್ನಿಸ್ತು. ಸರ್ಕಾರ ಬದಲಾದಾಗ ಪಾಲಿಸಿ ಬದಲಾಗುತ್ತೆ, 2025ರ ಜನವರಿಯಲ್ಲಿ ಸ್ಕೂಲು ಆಸ್ಪತ್ರೆ ದೇವಸ್ಥಾನದಂಥ ಜಾಗದಲ್ಲಿ ಅರೆಸ್ಟ್ ಮಾಡೋದಕ್ಕೆ ಇದ್ದ ಮಿತಿ ತೆಗೆದ್ರಲ್ಲ ಅದು ಪಾಲಿಸಿ. 1367 ಅನ್ನೋದು ಕಾಂಗ್ರೆಸ್ ಮಾಡಿದ ಕಾನೂನು, ಮೆಮೋ ಬರೆದು ಅಳಿಸೋಕಾಗಲ್ಲ. ಅದ್ರ ಅರ್ಥ ಯಾರೂ ಮುರಿಯಲ್ಲ ಅಂತಲ್ಲ, ಮುರಿದ್ರೆ ಹಿಡ್ಕೊಂಡು ಕೋರ್ಟಲ್ಲಿ ಮಾತಾಡೋಕೆ ಏನೋ ಇದೆ ಅಂತ.

ಅರ್ಧ ಪುಟದ ಹೇಳಿಕೆ

ಎಲ್ಲಕ್ಕಿಂತ ಕಷ್ಟ ಆಗಿದ್ದು ಸ್ವಂತ ಹೇಳಿಕೆ ಬರೆಯೋದು, ಡಿಕ್ಲರೇಷನ್ ಅಂತಾರೆ. ಕನ್ನಡದಲ್ಲೇ ಬರಿ, ನಾನು ಅನುವಾದ ಮಾಡ್ತೀನಿ ಅಂದಿದ್ದೆ. ಮೊದಲ್ನೇ ಸಲ ಬಂದಿದ್ದು ಅರ್ಧ ಪುಟ. ನನ್ನ ಪತಿ ಒಳ್ಳೆಯವರು, ಕೋಪ ಜಾಸ್ತಿ ಅಷ್ಟೆ, ಅಂತ ಶುರು. ಹೊಡೆತದ ವಿಷಯ ಇಲ್ಲ, ಯಾಕಂದ್ರೆ ಹೊಡ್ದಿದ್ದು ಕಡಿಮೆ, ಗಾಯದ ಫೋಟೋ ಇಲ್ಲ, 911ಗೆ ಫೋನ್ ಮಾಡಿಲ್ಲ, ಪೊಲೀಸ್ ರಿಪೋರ್ಟ್ ಇಲ್ಲ. ಪ್ರೂಫೇ ಇಲ್ವಲ್ಲ ಅಕ್ಕ, ಸುಳ್ಳು ಹೇಳ್ತಿದೀನಿ ಅಂದ್ಕೊಂಡ್ರೆ?

ಇದು ಪಟ್ಟಿಯಲ್ಲಿ ಬರ್ದಿರದ ಭಯ, ಎಲ್ಲದರ ಕೆಳಗೆ ಕೂತಿದ್ದು ಇದೇ. ಐಸ್‌ಗಿಂತ ಜಾಸ್ತಿ ಆಕೆಗೆ ಇದ್ದದ್ದು ತಾನು ದೊಡ್ಡದು ಮಾಡ್ತಿದೀನೇನೋ ಅನ್ನೋ ಅಂಜಿಕೆ. ಸರ್ಕಾರದ ಮುಂದೆ ಹಿಂಸೆ ಅಂತ ಬರ್ಕೊಡೋ ಅಷ್ಟು ಆಗಿದ್ಯಾ ನಂಗೆ, ಅಮ್ಮನೂ ಇಷ್ಟು ಸಹಿಸ್ಕೊಂಡಿರ್ಲಿಲ್ವಾ? ಅದು ಕಾನೂನಿನ ಪ್ರಶ್ನೆನೇ ಅಲ್ಲ, ಆದ್ರೂ ಕಾನೂನಲ್ಲಿ ಒಂದು ತುದಿ ಸಿಕ್ತು. ವಾವಾದಲ್ಲಿ ತೀವ್ರ ಕ್ರೌರ್ಯ ಅಂದ್ರೆ ದೈಹಿಕ ಹೊಡೆತ ಮಾತ್ರ ಅಲ್ಲ, ಬೆದರಿಕೆ, ಒಂಟಿ ಮಾಡಿ ಇಡೋದು, ದುಡ್ಡು ಹಿಡಿಯೋದು, ಇಮಿಗ್ರೇಷನ್ ಹೆಸರಲ್ಲಿ ಹೆದರಿಸೋದು ಎಲ್ಲಾ ಲೆಕ್ಕಕ್ಕೆ ಬರುತ್ತೆ. ಸಾಕ್ಷಿ ವಿಷಯದಲ್ಲೂ ಇಂಥದ್ದೇ ದಾಖಲೆ ಬೇಕು ಅಂತಿಲ್ಲ, ನಂಬಬಹುದಾದ ಯಾವ್ದೇ ಸಾಕ್ಷಿ ಕೊಟ್ರೂ ನೋಡ್ಲೇಬೇಕು ಅನ್ನೋ ನಿಯಮ ಇದೆ. ಹಿಂಸೆ ಕೊಡೋವ್ನು ಕಾಗದಪತ್ರನೂ ಕಿತ್ಕೊಂಡಿರ್ತಾನೆ ಅನ್ನೋದು ಕಾನೂನು ಮಾಡಿದವ್ರಿಗೆ ಗೊತ್ತಿತ್ತು.

ವಕೀಲೆ ಆಕೆಗೆ ಏನಾಯ್ತು ಬರಿ ಅನ್ನೋದು ಬಿಟ್ಟು ಒಂದು ಮಾಮೂಲಿ ಮಂಗಳವಾರ ಬೆಳಿಗ್ಗೆಯಿಂದ ರಾತ್ರಿ ತನಕ ಹೆಂಗಿರ್ತಿತ್ತು ಬರಿ ಅಂದ್ರು. ಅದು ಹನ್ನೊಂದು ಪುಟ ಆಯ್ತು. ಅವ್ನು ಆಫೀಸಿಂದ ವಿಡಿಯೋ ಕಾಲ್ ಮಾಡಿ ಮನೆಯ ಯಾವ ರೂಮಲ್ಲಿದ್ದೀಯ ತೋರ್ಸು ಅಂತಿದ್ದದ್ದು, ಸ್ಯಾನಿಟರಿ ಪ್ಯಾಡಿಗೂ ಕೇಳಿ ದುಡ್ಡು ತಗೋಬೇಕಾಗಿದ್ದದ್ದು, ರಶೀದಿ ವಾಪಸ್ ಕೊಡ್ಬೇಕಾಗಿದ್ದದ್ದು, ಜ್ವರ ಬಂದಾಗ ಡಾಕ್ಟರ್ ಹತ್ರ ಹೋದ್ರೆ ನಿನ್ನ ಪೇಪರ್ ಕೇಳ್ತಾರೆ ಹಿಡ್ಕೊಂಡು ಹೋಗ್ತಾರೆ ಅಂದಿದ್ದು. ಅನುವಾದ ಮಾಡ್ತಾ ನಾನೇ ಎರಡು ಸಲ ಎದ್ದು ಹೋದೆ. ತಾನು ಬರೆದಿದ್ದನ್ನ ಇಂಗ್ಲಿಷಲ್ಲಿ ಓದಿದಾಗ ಆಕೆ ಹೇಳಿದ್ದು, ಇದು ಬೇರೆ ಯಾರದ್ದೋ ಆಗಿದ್ರೆ ನಾನು ಅವಳಿಗೆ ಇವತ್ತೇ ಮನೆ ಬಿಡು ಅಂತಿದ್ದೆ ಅಕ್ಕ. ಸ್ವಲ್ಪ ದಿನ ಆದ್ಮೇಲೆ ಬಿಟ್ಳು, ಬೇರೆ ಊರಲ್ಲಿದ್ದ ಕಾಲೇಜ್ ಗೆಳತಿ ಮನೆಗೆ. ಎಲ್ಲಿಗೆ, ಯಾವಾಗ, ಯಾರು ಕರ್ಕೊಂಡು ಹೋಗ್ತಾರೆ ಅನ್ನೋದನ್ನೆಲ್ಲ ಸಂಸ್ಥೆಯವ್ರು ಮೊದ್ಲೇ ಕೂತು ಪ್ಲಾನ್ ಮಾಡಿದ್ರು. ಅರ್ಜಿ ಹಾಕೋಕೆ ಮನೆ ಬಿಟ್ಟಿರಲೇಬೇಕು ಅಂತೇನಿಲ್ಲ, ಒಂದೇ ಮನೇಲಿದ್ದೂ ಹಾಕ್ಬಹುದು.

ಮಿಕ್ಕ ಸಾಕ್ಷಿ ಹುಡುಕಿದ ಮೇಲೆ ಸಿಗ್ತಾ ಹೋಯ್ತು. ಕೌಂಟಿ (ನಮ್ಮ ಜಿಲ್ಲೆ ಥರ) ಆಫೀಸಿನ ಮ್ಯಾರೇಜ್ ಸರ್ಟಿಫಿಕೇಟ್ ಕಾಪಿ ತಗೊಂಡ್ರು, ದೇವಸ್ಥಾನದ ಮದುವೆ ಫೋಟೋ ತಂಗಿ ಫೋನಲ್ಲಿತ್ತು, ಆಮೇಲೆ ಆ ಲಗ್ನಪತ್ರಿಕೆ. ಎರಡೂ ಮನೆಯವ್ರ ಹೆಸರು, ಅಜ್ಜ ಅಜ್ಜಿ ಹೆಸರು, ಮುಹೂರ್ತ, ಸುಖಾಗಮನ ಬಯಸುವವರು ಅಂತ ಉದ್ದ ಪಟ್ಟಿ, ಇಷ್ಟು ಜನ ಸೇರಿ ಮಾಡಿದ ಮದುವೆ, ಗ್ರೀನ್ ಕಾರ್ಡಿಗೋಸ್ಕರ ಮಾಡಿದ ನಾಟಕ ಅಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ನಾನು ನೋಡಿಲ್ಲ. ಗಂಡ ಕಳಿಸಿದ್ದ ವಾಟ್ಸಾಪ್ ಬೆದರಿಕೆಗಳು ಆಕೆ ಫೋನಿಂದ ಡಿಲೀಟ್ ಆಗಿದ್ವು, ಆದ್ರೆ ಒಂದಷ್ಟು ಸ್ಕ್ರೀನ್‌ಶಾಟ್ ತಂಗಿಗೆ ಹೋಗಿದ್ವು. ಕಾಲೇಜ್ ಬಿಡುವಾಗ ಇಂಟರ್‌ನ್ಯಾಷನಲ್ ಆಫೀಸಿಗೆ ನನ್ನ ಪತಿ ಬೇಡ ಅಂತಿದಾರೆ ಅಂತ ಬರೆದ ಇಮೇಲ್ ಒಂದು ಸಿಕ್ತು. ಕೌನ್ಸೆಲರ್ ಪತ್ರ, ತಂಗಿ ಹೇಳಿಕೆ, ದೇವಸ್ಥಾನದಲ್ಲಿ ಪರಿಚಯ ಆಗಿದ್ದ ಒಬ್ರು ಆಂಟಿ ಹೇಳಿಕೆ. ಕನ್ನಡದಲ್ಲಿ ಇದ್ದದ್ದೆಲ್ಲ ಇಂಗ್ಲಿಷಿಗೆ ಮಾಡಿ, ಅನುವಾದ ಪೂರ್ತಿಯಾಗಿದೆ ಸರಿಯಾಗಿದೆ ನಂಗೆ ಎರಡೂ ಭಾಷೆ ಬರುತ್ತೆ ಅಂತ ಅನುವಾದಕರು ಸಹಿ ಹಾಕಿದ್ರೆ ಸಾಕು, ನೋಟರಿ ಬೇಕಿಲ್ಲ. ಇದಕ್ಕೂ ನೂರಾರು ಡಾಲರ್ ಕೇಳೋರು ಇದಾರೆ, ಅದಕ್ಕೇ ಹೇಳ್ತಿದೀನಿ.

ನಿಜವಾದ ರಿಸ್ಕು

ಪಟ್ಟಿಯಲ್ಲಿ ನಿಜವಾದ ರಿಸ್ಕ್ ಅಂತ ಗುರುತು ಬಿದ್ದಿದ್ದು ಅರ್ಜಿ ತಿರಸ್ಕಾರ ಆದ್ರೆ ಅನ್ನೋದು. 2025ರ ಫೆಬ್ರವರಿ 28ರಂದು ಈ ಅರ್ಜಿಗಳನ್ನ ನೋಡೋ ಇಮಿಗ್ರೇಷನ್ ಇಲಾಖೆ ಯುಎಸ್‌ಸಿಐಎಸ್ ಹೊಸ ಮೆಮೋ ಹೊರಡಿಸ್ತು, ಅರ್ಜಿ ತಿರಸ್ಕಾರ ಆಗಿ ಬೇರೆ ಸ್ಟೇಟಸ್ ಇಲ್ದೆ ಇರೋವ್ರಿಗೆ ಸಾಮಾನ್ಯವಾಗಿ ನೋಟಿಸ್ ಟು ಅಪಿಯರ್ ಕೊಡೋದು ಅಂತ, ಅಂದ್ರೆ ಇಮಿಗ್ರೇಷನ್ ಕೋರ್ಟಿನ ಕೇಸ್ ಶುರು. ಅರ್ಜಿ ಹಾಕದೇ ಇದ್ರೆ ಇಲಾಖೆ ಗಮನಕ್ಕೆ ಬರೋದೇ ಇಲ್ವೇನೋ, ಹಾಕಿದ್ರೆ ಬಂದೇ ಬರುತ್ತೆ, ಇದು ತೂಕ ಹಾಕಿ ನೋಡ್ಬೇಕಾದ ವಿಷಯ. ಅದೇ ವರ್ಷದ ಕೊನೆಗೆ ಗ್ರೀನ್ ಕಾರ್ಡ್ ಇಂಟರ್‌ವ್ಯೂಗೆ ಬಂದವ್ರನ್ನ ಅಲ್ಲೇ ಅರೆಸ್ಟ್ ಮಾಡಿದ ವರದಿಗಳೂ ಬಂದ್ವು. ನಮ್ಮವ್ರ ವಾಟ್ಸಾಪ್ ಗ್ರೂಪಲ್ಲಿ ಅದು ಇನ್ನೊಂದಷ್ಟು ಉಪ್ಪು ಖಾರ ಸೇರಿಸ್ಕೊಂಡು ಓಡಾಡ್ತು.

ಇಲ್ಲಿ ವಕೀಲೆ ಭಯ ಪಡ್ಬೇಡ ಅನ್ಲಿಲ್ಲ. ತಿರಸ್ಕಾರ ಆದ್ರೆ ಏನೇನು ನಡೆಯುತ್ತೆ ಅಂತ ಕೊನೇ ತನಕ ವಿವರಿಸಿದ್ರು. ನೋಟಿಸ್ ಬಂದ ದಿನವೇ ವಿಮಾನ ಹತ್ತಿಸಲ್ಲ, ಜಡ್ಜ್ ಮುಂದೆ ಕೇಸ್ ನಡೆಯುತ್ತೆ, ಅಲ್ಲೂ ಗಡೀಪಾರು ರದ್ದು ಮಾಡಿಸೋಕೆ ವಾವಾ ಕ್ಯಾನ್ಸಲೇಷನ್ ಅಂತ ಒಂದು ದಾರಿ ಇದೆ, ಅದಕ್ಕೆ ಅಮೆರಿಕದಲ್ಲಿ 3 ವರ್ಷ ಸತತವಾಗಿ ಇದ್ದಿರ್ಬೇಕು, ಇವಳಿಗೆ ಅದಾಗಿತ್ತು. ಕೋರ್ಟಿನ ದಿನ ಹೋಗದೇ ಇದ್ರೆ ಮಾತ್ರ ಆಕೆ ಇಲ್ದೇನೇ ಗಡೀಪಾರು ಆದೇಶ ಆಗುತ್ತೆ, ಹೆದರಿ ಹೋಗದೇ ಇರೋವ್ರು ಹಾಳಾಗೋದು ಅಲ್ಲೇ. ಮತ್ತೆ ಏನೂ ಮಾಡದೇ ಇದ್ರೆ? ಸ್ಟೇಟಸ್ ಇಲ್ಲ, ಕೆಲ್ಸ ಇಲ್ಲ, ಪಾಸ್‌ಪೋರ್ಟ್ ಅವನ ಕೈಲಿ. ಆ ಕಡೆ ಇರೋದು ಸುರಕ್ಷಿತ ಅಂತ ಆಕೆ ಅಷ್ಟು ದಿನ ಅಂದ್ಕೊಂಡಿದ್ಳು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು ಅವತ್ತೇ ಮೊದ್ಲು. ತೀರ್ಮಾನಕ್ಕೆ ಆಕೆ ಎರಡು ವಾರ ತಗೊಂಡ್ಳು, ಯಾರೂ ಅವಸರ ಮಾಡ್ಲಿಲ್ಲ, ಮಾಡ್ಲೂಬಾರ್ದು.

ಅರ್ಜಿ ಹೋದ್ಮೇಲೆ ರಶೀದಿ ಬಂತು, ಐ-797 ಅಂತಾರೆ. ಆಮೇಲೆ ಬಯೋಮೆಟ್ರಿಕ್ಸ್, ಬೆರಳಚ್ಚು ಕೊಡೋಕೆ ಹೋಗ್ಬೇಕು. ಹಿಂದಿನ ರಾತ್ರಿ ಆಕೆ ನಿದ್ದೆ ಮಾಡ್ಲಿಲ್ಲ, ಬೆಳಿಗ್ಗೆ ಕಾರಲ್ಲಿ ವಾಂತಿ. ಬಾಗಿಲಲ್ಲಿ ಯೂನಿಫಾರ್ಮ್ ಹಾಕಿದ ಸೆಕ್ಯುರಿಟಿ ಗಾರ್ಡ್ ನೋಡಿ ವಾಪಸ್ ಹೋಗೋಣ ಅಂದ್ಳು. ಅಪಾಯಿಂಟ್‌ಮೆಂಟ್ ತಪ್ಪಿಸಿ ಏನೂ ತಿಳಿಸ್ದೆ ಇದ್ರೆ ಅರ್ಜಿ ಕೈಬಿಟ್ಟಂಗೆ ಆಗುತ್ತೆ ಅನ್ನೋದು ಗೊತ್ತಿತ್ತು, ವಕೀಲರ ನಂಬರ್ ಪೆನ್ನಲ್ಲಿ ಕೈ ಮೇಲೆ ಬರ್ಕೊಂಡಿದ್ಳು, ಗೆಳತಿ ಪಾರ್ಕಿಂಗಲ್ಲಿ ಕಾಯ್ತಿದ್ಳು, ಇಷ್ಟು ಗಂಟೆಗೆ ಹೊರಗೆ ಬರದೇ ಇದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಮೊದ್ಲೇ ಮಾತಾಗಿತ್ತು. ಒಳಗೆ ಹೋದ್ಳು. ಫೋಟೋ, ಬೆರಳು, ಸಹಿ, ಇಪ್ಪತ್ತು ನಿಮಿಷ. ಬೆರಳಚ್ಚು ತಗೊಂಡ ಹೆಂಗಸು ನಿನ್ನ ಬಳೆ ಚೆನ್ನಾಗಿದೆ ಅಂದ್ರಂತೆ, ಅದನ್ನೇ ಒಂದು ವಾರ ಹೇಳ್ತಿದ್ಳು.

ಕಳ್ಕೊಂಡಿದ್ದು

ಐ-485 ಪೆಂಡಿಂಗ್ ಇರೋವಾಗ ಅಡ್ವಾನ್ಸ್ ಪೆರೋಲ್ ಅನ್ನೋ ಅನುಮತಿ ಇಲ್ದೆ ದೇಶ ಬಿಟ್ರೆ ಆ ಅರ್ಜಿ ಕೈಬಿಟ್ಟಂಗೆ ಲೆಕ್ಕ. ಕಾಯ್ತಿರೋವಾಗ ಅಪ್ಪಂಗೆ ಹಾರ್ಟ್ ಆಪರೇಷನ್ ಆಯ್ತು. ತುರ್ತು ಅನುಮತಿ ಕೇಳ್ಬಹುದು ಅಂತ ವಕೀಲೆ ಹೇಳಿದ್ರು, ಜೊತೆಗೆ ಅನುಮತಿ ಇದ್ರೂ ವಾಪಸ್ ಬರೋವಾಗ ಏರ್‌ಪೋರ್ಟಲ್ಲಿ ಒಳಗೆ ಬಿಡೋದು ಬಿಡದೇ ಇರೋದು ಆಫೀಸರ್ ಕೈಲಿರುತ್ತೆ ಅಂತಲೂ ಹೇಳಿದ್ರು. ಆಕೆ ಹೋಗ್ಲಿಲ್ಲ. ಅಪ್ಪ ಚೇತರಿಸ್ಕೊಂಡ್ರು ಅನ್ನೋದು ಪುಣ್ಯ, ಆದ್ರೆ ಇಂಥ ಕೇಸಿನ ಬಗ್ಗೆ ಬರೆಯೋವ್ರು ಇದನ್ನ ಬಿಟ್ಬಿಡ್ತಾರೆ, ದಾರಿ ಹಿಡಿದವ್ರು ಏನು ಕೊಡ್ತಾರೆ ಅನ್ನೋದು ಲೆಕ್ಕದಲ್ಲೇ ಬರಲ್ಲ. ಮನೆಯವ್ರಿಗೆ ವಿಷಯ ತಿಳಿಸಿದ್ದೂ ಆ ಆಪರೇಷನ್ ಟೈಮಲ್ಲೇ, ಬರೋಕಾಗಲ್ಲ ಅಂದ್ರೆ ಯಾಕೆ ಅಂತ ಹೇಳ್ಲೇಬೇಕಾಯ್ತು. ಅಮ್ಮ ಮೊದ್ಲು ಕೇಳಿದ್ದು ತಂಗಿ ಮದುವೆಗೆ ತೊಂದ್ರೆ ಆಗಲ್ವಾ ಅಂತ. ಅಪ್ಪ ಫೋನ್ ತಗೊಂಡು, ಊಟಕ್ಕೆ ದುಡ್ಡಿದ್ಯಾ ಮಗಳೇ ಅಂದ್ರು.

ವರ್ಕ್ ಪರ್ಮಿಟ್ ಬಂತು, ಅದೇ ಫಾರ್ಮಲ್ಲಿ ಕೇಳಿದ್ರಿಂದ ಸೋಶಿಯಲ್ ಸೆಕ್ಯುರಿಟಿ ನಂಬರೂ ಬಂತು, ಈಗ ಕೆಲ್ಸಕ್ಕೆ ಹೋಗ್ತಾಳೆ. ಐ-360 ಇನ್ನೂ ಪೆಂಡಿಂಗ್, ಈಚಿನ ವರ್ಷಗಳಲ್ಲಿ ವಾವಾ ಅರ್ಜಿಗಳು ಮೂರು ವರ್ಷಕ್ಕೂ ಜಾಸ್ತಿ ಎಳೀತಿವೆ. ಗಂಡ ಇಲಾಖೆಗೆ ಪತ್ರ ಬರೆದಿದಾನಂತೆ, ಬರೀ ಗ್ರೀನ್ ಕಾರ್ಡಿಗೆ ನನ್ನ ಮದುವೆ ಆದ್ಳು ಅಂತ, ಸಂಬಂಧಿಕರ ಮೂಲಕ ಕಿವಿಗೆ ಬಿತ್ತು. ಮೊದ್ಲಾಗಿದ್ರೆ ಆಕೆ ಮೂರು ದಿನ ಊಟ ಬಿಡ್ತಿದ್ಳು, ಈ ಸಲ ವಕೀಲೆಗೆ ಮೇಲ್ ಮಾಡಿ ಲಂಚ್ ಬ್ರೇಕಲ್ಲಿ ನಂಗೆ ಫೋನ್ ಮಾಡಿದ್ಳು. ಭಯ ಹೋಗಿದ್ಯಾ ಅಂದ್ರೆ ಇಲ್ಲ, ಬಾಗಿಲು ಬಡಿದ್ರೆ ಈಗ್ಲೂ ಬೆಚ್ಚಿ ಬೀಳ್ತಾಳೆ. ಬಾಗಿಲು ಬಡಿದವ್ರು ಜಡ್ಜ್ ಸಹಿ ಇರೋ ವಾರಂಟ್ ತೋರ್ಸದೇ ಇದ್ರೆ ತೆಗೀಬೇಕಾಗಿಲ್ಲ ಅನ್ನೋದು ಗೊತ್ತಿದೆ, ಅಷ್ಟು ವ್ಯತ್ಯಾಸ.

ಇದನ್ನ ಓದಿ ಎಚ್-4ನಲ್ಲಿರೋವ್ರು (ಎಚ್-1ಬಿ ಕೆಲ್ಸದ ವೀಸಾದಲ್ಲಿರೋವ್ರ ಹೆಂಡ್ತಿಯರು) ನಾವೂ ಹಾಕ್ಬಹುದಾ ಅಂತ ಕೇಳ್ತೀರಿ, ಪ್ರತಿ ಸಲ ಕೇಳ್ತಾರೆ. ಗಂಡ ಎಚ್-1ಬಿಯಲ್ಲಿದ್ರೆ ಈ ಐ-360 ದಾರಿ ಇಲ್ಲ, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರ್ಲೇಬೇಕು. ಆದ್ರೆ ಹಿಂಸೆ ಅನುಭವಿಸ್ತಿರೋ ಎಚ್-4 ಹೆಂಡ್ತಿಗೆ ಐ-765ವಿ ಅಂತ ಬೇರೆ ವರ್ಕ್ ಪರ್ಮಿಟ್ ಅರ್ಜಿ ಇದೆ. ಅಪರಾಧ ನಡ್ದಿದ್ದು ಪೊಲೀಸರಿಗೆ ತಿಳಿಸಿ ತನಿಖೆಗೆ ಸಹಕರಿಸಿದ್ರೆ, ಅವ್ರು ಸರ್ಟಿಫಿಕೇಟಿಗೆ ಸಹಿ ಮಾಡಿದ್ರೆ ಯು ವೀಸಾಗೆ ಹಾಕ್ಬಹುದು, ಅದು 2000ದ ಕಾನೂನು, ವರ್ಷಕ್ಕೆ 10,000 ಮಾತ್ರ ಕೊಡೋದ್ರಿಂದ ಸಾಲು ಬಹಳ ಉದ್ದ. ಯಾವ್ದು ನಿಮಗೆ ಅನ್ನೋದನ್ನ ನನ್ನಂಥ ಅನುವಾದಕಿ ಹತ್ರ ಕೇಳ್ಬೇಡಿ, ಲೈಸೆನ್ಸ್ ಇರೋ ವಕೀಲರ ಹತ್ರ ಕೇಳಿ. ಮನೇಲಿ ಪರಿಸ್ಥಿತಿ ಕೆಟ್ಟಿದ್ರೆ ರಾಷ್ಟ್ರೀಯ ಗೃಹ ಹಿಂಸೆ ಹಾಟ್‌ಲೈನ್ 1-800-799-7233, ದಿನದ 24 ಗಂಟೆ, ದುಭಾಷಿ ಬೇಕು ಅಂದ್ರೆ ಕೊಡ್ತಾರೆ. ಫೋನ್ ಚೆಕ್ ಆಗುತ್ತೆ ಅಂದ್ರೆ ಬೇರೆಯವ್ರ ಫೋನಿಂದ ಮಾಡಿ.